ನಿನ್ನೆ ಎಳೆದು ದೊಡ್ಡದು ಮಾಡಿದ ವಿಂಡೋ ಇವತ್ತು ಮತ್ತೆ ಯಾಕೆ ಚಿಕ್ಕದಾಯ್ತು?

“ಸರ, ನಿನ್ನಿ ಇಷ್ಟಗಲ ಮಾಡಿ ಇಟ್ಟಿದ್ದೆ. ಇವತ್ತ ನೋಡ್ರಿ, ಮತ್ತ ಅಂಗೈಯಷ್ಟ ಆಗೈತಿ.”

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲುಗಳ ಕಂಪ್ಯೂಟರ್ ನೋಡಿಕೊಳ್ಳುವ ಯಾರನ್ನು ಕೇಳಿದರೂ ಈ ದೂರು ಗೊತ್ತಿರುತ್ತೆ. ಭತ್ತದ ಸುಗ್ಗಿಯಲ್ಲಿ ಗೇಟಿನ ಹೊರಗೆ ಲಾರಿ, ಟ್ರ್ಯಾಕ್ಟರ್‌ಗಳ ಸಾಲು ನಿಂತಿರುತ್ತೆ. ವೇಬ್ರಿಡ್ಜ್ ಕೋಣೆಯ ಹುಡುಗ ಬೆಳಿಗ್ಗೆ ತೂಕದ ಸಾಫ್ಟ್‌ವೇರ್ ತೆರೆದು, ಮೊದಲು ವಿಂಡೋದ ಮೂಲೆ ಹಿಡಿದು ಎಳೆಯುತ್ತಾನೆ. ಎಳೆಯದಿದ್ದರೆ ಕೆಳಗಿನ ಪ್ರಿಂಟ್ ಬಟನ್ನೇ ಕಾಣುವುದಿಲ್ಲ. ಸಂಜೆ ಮುಚ್ಚಿ ಮನೆಗೆ ಹೋಗುತ್ತಾನೆ. ಮರುದಿನ ಮತ್ತೆ ಎಳೆಯುತ್ತಾನೆ.

ಬೈಸಿಕೊಳ್ಳುವುದು ಮಾತ್ರ ಕಂಪ್ಯೂಟರ್. ಸಿಸ್ಟಂ ಹಳೇದಾಯ್ತು ಅಂತ ಒಬ್ಬರು, ವೈರಸ್ ಹೊಕ್ಕಿದೆ ಅಂತ ಇನ್ನೊಬ್ಬರು. ಕೊನೆಗೆ ಸಾವ್ಕಾರ್ರು “ಫಾರ್ಮ್ಯಾಟ್ ಹೊಡೆದುಬಿಡ್ರಿ” ಅಂತಾರೆ. ಫಾರ್ಮ್ಯಾಟ್ ಹೊಡೆದರೂ ಈ ಕಾಟ ಹೋಗಲ್ಲ. ಯಾಕಂದ್ರೆ ವಿಂಡೋದ ಅಳತೆಯನ್ನು ನೆನಪಿಡುವ ಕೆಲಸವನ್ನು ಕಂಪ್ಯೂಟರಿಗೆ ಯಾರೂ ಒಪ್ಪಿಸಿಯೇ ಇಲ್ಲ. ಹೆಚ್ಚಿನ ಡೆಸ್ಕ್‌ಟಾಪ್ ಪ್ರೋಗ್ರಾಂಗಳಲ್ಲಿ ಅದು ಆಯಾ ಪ್ರೋಗ್ರಾಂ ತಾನೇ ಮಾಡಿಕೊಳ್ಳಬೇಕಾದ ಕೆಲಸ. ಮಾಡಿಕೊಳ್ಳದಿದ್ದರೆ, ಅಥವಾ ಅರೆಬರೆ ಮಾಡಿಕೊಂಡಿದ್ದರೆ, ದಿನಾ ಎಳೆಯುವುದು ನಮ್ಮ ಪಾಲಿಗೆ ಬರುತ್ತೆ. ಮರೆಯುವ ರೀತಿಯಲ್ಲೂ ಬಗೆಬಗೆ ಇದೆ. ವಿಂಡೋ ಯಾವ ರೀತಿ ಮರೆಯುತ್ತೆ ಅಂತ ಗಮನಿಸಿದರೆ ತಪ್ಪು ಎಲ್ಲಿದೆ ಅನ್ನುವುದನ್ನು ಬಹಳಷ್ಟು ಸಲ ಊಹಿಸಬಹುದು.

ಮೊದಲು ವಿಂಡೋ ಹುಟ್ಟುವುದು ಹೇಗೆ ಅಂತ ನೋಡೋಣ. ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಂ ಶುರುವಾದಾಗ ಅದು ಆಪರೇಟಿಂಗ್ ಸಿಸ್ಟಂ ಹತ್ತಿರ ಒಂದು ವಿಂಡೋ ಕೇಳುತ್ತೆ. ಕೇಳುವಾಗ ನಾಲ್ಕು ಅಂಕಿ ಕೊಡುತ್ತೆ: ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ದೂರ, ಎಷ್ಟು ಅಗಲ, ಎಷ್ಟು ಎತ್ತರ. ಎಲ್ಲವೂ ಪಿಕ್ಸೆಲ್, ಅಂದರೆ ಸ್ಕ್ರೀನಿನ ಚುಕ್ಕೆಗಳ ಲೆಕ್ಕ. “ನನಗೇನೂ ಗೊತ್ತಿಲ್ಲ, ನೀನೇ ನೋಡಿ ಕೊಡು” ಅಂತಲೂ ಕೇಳಬಹುದು. ಆಗ ವಿಂಡೋಸ್ ತನಗೆ ತೋಚಿದ ಅಳತೆ ಕೊಡುತ್ತೆ. ಜಾಗವನ್ನೂ ತಾನೇ ಆರಿಸುತ್ತೆ. ಹೊಸ ವಿಂಡೋ ಹಿಂದಿನದನ್ನು ಪೂರ್ತಿ ಮುಚ್ಚಬಾರದು ಅಂತ, ಒಂದೊಂದನ್ನೂ ಸ್ವಲ್ಪ ಕೆಳಕ್ಕೆ, ಸ್ವಲ್ಪ ಬಲಕ್ಕೆ ಸರಿಸಿ ಇಡುತ್ತಾ ಹೋಗುತ್ತೆ. ತೆರೆದಾಗಲೆಲ್ಲ ವಿಂಡೋ ಒಂದೊಂದು ಕಡೆ ಕಾಣಿಸಿಕೊಳ್ಳುತ್ತಿದ್ದರೆ, ಆ ಪ್ರೋಗ್ರಾಂ “ನೀನೇ ನೋಡಿ ಕೊಡು” ಅಂದಿದೆ ಅಂತಲೇ ಅರ್ಥ.

ವಾರದ ಸಂತೆ ಇದ್ದ ಹಾಗೆ ಇದು. ಮೈದಾನಕ್ಕೆ ಯಾರು ಎಲ್ಲಿ ಚೀಲ ಹಾಸಿದ್ದರು ಅಂತ ನೆನಪಿರಲ್ಲ. ಈರುಳ್ಳಿ ಮಾರುವ ಅಕ್ಕನಿಗೆ ನೆನಪಿರುತ್ತೆ, ಅವಳು ಬಂದು ಅದೇ ಬೇವಿನ ಮರದ ಕೆಳಗೆ ಹಾಸುತ್ತಾಳೆ. ನೆನಪಿಲ್ಲದವರು ಜಾಗ ಸಿಕ್ಕಲ್ಲಿ ಕೂರುತ್ತಾರೆ.

ಅಂದಮೇಲೆ ನೆನಪಿಡಬೇಕಾದ ಪ್ರೋಗ್ರಾಂ ಏನೇನು ಮಾಡಬೇಕು? ಮುಚ್ಚುವ ಮೊದಲು ತನ್ನ ಅಳತೆ ಎಷ್ಟು ಅಂತ ನೋಡಿಕೊಳ್ಳಬೇಕು. ಅದನ್ನು ಡಿಸ್ಕಿನಲ್ಲಿ ಎಲ್ಲಾದರೂ ಬರೆದಿಡಬೇಕು. ಮುಂದಿನ ಸಲ ತೆರೆಯುವಾಗ ಓದಿ, ಇವತ್ತಿನ ಸ್ಕ್ರೀನಿಗೆ ಅದು ಹೊಂದುತ್ತಾ ಅಂತ ನೋಡಿ, ಆಮೇಲೆ ವಿಂಡೋ ಕೇಳಬೇಕು. ಹೇಳುವಾಗ ಏನೂ ಅಲ್ಲ ಅನ್ನಿಸುತ್ತೆ, ಆದರೆ ಎಡವಟ್ಟಾಗುವುದು ಇಲ್ಲೇ.

ಸರಿಯಾಗಿ ಮಾಡುವ ಪ್ರೋಗ್ರಾಂ ಹೇಗೆ ಮಾಡುತ್ತೆ ಅಂತ ಕಣ್ಣಾರೆ ನೋಡಬಹುದು. ವಿಂಡೋಸ್ 10ರ ನೋಟ್‌ಪ್ಯಾಡ್ ತೆಗೆದುಕೊಳ್ಳಿ. ವಿಂಡೋಸ್ ಮತ್ತು ಪ್ರೋಗ್ರಾಂಗಳು ತಮ್ಮ ಸೆಟಿಂಗ್‌ಗಳನ್ನು ಬರೆದಿಡುವ ಜಾಗಕ್ಕೆ ರಿಜಿಸ್ಟ್ರಿ ಅಂತ ಹೆಸರು. ಅದನ್ನು ತೋರಿಸುವ ರಿಜಿಸ್ಟ್ರಿ ಎಡಿಟರ್ ತೆರೆದು ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ನೋಟ್‌ಪ್ಯಾಡ್ ಅಂತ ಒಂದೊಂದೇ ಫೋಲ್ಡರ್ ಒಳಗೆ ಹೋದರೆ ‘ಐ ವಿಂಡೋ ಪಾಸ್’ ಅಂತ ಶುರುವಾಗುವ ನಾಲ್ಕು ಹೆಸರು ಸಿಗುತ್ತವೆ. ಕೊನೆಯಲ್ಲಿ ಎಕ್ಸ್, ವೈ, ಡಿಎಕ್ಸ್, ಡಿವೈ ಅಂತ ಇರುತ್ತೆ. ಮೊದಲೆರಡು ಜಾಗ, ಉಳಿದೆರಡು ಅಗಲ ಮತ್ತು ಎತ್ತರ. ನಿಮ್ಮ ನೋಟ್‌ಪ್ಯಾಡ್ 900 ಪಿಕ್ಸೆಲ್ ಅಗಲ ಇದ್ದರೆ ಡಿಎಕ್ಸ್ ಎದುರು 384 ಅಂತ ಕಾಣಿಸಿ, ಪಕ್ಕದ ಆವರಣದಲ್ಲಿ 900 ಅಂತ ಇರುತ್ತೆ. ಗಾಬರಿ ಬೇಡ, 384 ಅನ್ನುವುದು ಅದೇ 900, ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆದದ್ದು. ನೋಟ್‌ಪ್ಯಾಡನ್ನು ಸ್ವಲ್ಪ ಎಳೆದು, ಮುಚ್ಚಿ, ಇಲ್ಲಿ ಎಫ್5 ಒತ್ತಿ. ಅಂಕಿ ಬದಲಾಗಿರುತ್ತೆ. ಮುಚ್ಚದೆ ಎಫ್5 ಒತ್ತಿದರೆ ಹಳೇ ಅಂಕಿಯೇ ಇರುತ್ತೆ. ಈ ವ್ಯತ್ಯಾಸ ನೆನಪಿರಲಿ, ಕರೆಂಟಿನ ಮಾತು ಬಂದಾಗ ಬೇಕಾಗುತ್ತೆ.

ಎಲ್ಲರೂ ರಿಜಿಸ್ಟ್ರಿಯಲ್ಲೇ ಬರೆಯಬೇಕು ಅಂತ ನಿಯಮವೇನಿಲ್ಲ. ಕ್ರೋಮ್ ತನ್ನ ‘ಪ್ರಿಫರೆನ್ಸಸ್’ ಅನ್ನುವ ಫೈಲಿನಲ್ಲಿ ಬರೆದುಕೊಳ್ಳುತ್ತೆ. ಫೈರ್‌ಫಾಕ್ಸ್‌ಗೆ ಇದಕ್ಕೆ ಅಂತಲೇ ಬೇರೆ ಫೈಲ್ ಇದೆ. ಸುಮ್ಮನೆ ಒಂದು ಐಎನ್ಐ ಫೈಲಿನಲ್ಲಿ, ಅಂದರೆ ಸೆಟಿಂಗ್ ಬರೆದಿಡುವ ಸಾದಾ ಫೈಲಿನಲ್ಲಿ, ನಾಲ್ಕು ಸಾಲು ಬರೆದಿಡುವ ಹಳೇ ಪ್ರೋಗ್ರಾಂಗಳೂ ಇವೆ. ಎಲ್ಲಿ ಬರೆದರೇನು, ಬರೆದರೆ ಸಾಕು.

ಬರೆಯದೇ ಇರುವವರದ್ದೇ ಮೊದಲ ಗುಂಪು. ತೆರೆದಾಗಲೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಅಳತೆಯಲ್ಲಿ ಬಂದರೆ, ನಿಮ್ಮ ಪ್ರೋಗ್ರಾಂ ಬಹುಶಃ ಈ ಗುಂಪಿನದು. ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್ ಕೊಡುವ ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್ ಬಳಸಿ ಹೊಸ ಫಾರ್ಮ್, ಅಂದರೆ ವಿಂಡೋ, ಮಾಡಿ ಅಳತೆ ಏನೂ ಹೇಳದಿದ್ದರೆ ಅದು 300ಕ್ಕೆ 300. ಬರೆದವರು ಡಿಸೈನರ್‌ನಲ್ಲಿ ಎಷ್ಟಕ್ಕೆ ಎಳೆದು ಬಿಟ್ಟರೋ ಅಷ್ಟಕ್ಕೇ ಅದು ಯಾವತ್ತೂ ತೆರೆದುಕೊಳ್ಳುತ್ತೆ. ಈಗ ಎಷ್ಟೋ ಚಾಟ್ ಮತ್ತು ಆಫೀಸ್ ಆ್ಯಪ್‌ಗಳು ಎಲೆಕ್ಟ್ರಾನ್ ಮೇಲೆ ನಿಂತಿವೆ, ಅಂದರೆ ಒಳಗಡೆ ಒಂದು ಬ್ರೌಸರನ್ನೇ ಇಟ್ಟುಕೊಂಡಿರುತ್ತವೆ. ಅಲ್ಲಿ ಏನೂ ಹೇಳದಿದ್ದರೆ ಸಿಗುವುದು 800ಕ್ಕೆ 600. ನೆನಪಿಡುವ ಸೌಲಭ್ಯವನ್ನು ಬರೆಯುವವರೇ ಸೇರಿಸಿಕೊಳ್ಳಬೇಕು. ಅದಕ್ಕೆ ಬೇರೆಯವರು ಬರೆದಿಟ್ಟ ಪುಟ್ಟ ಲೈಬ್ರರಿಗಳೂ ಇವೆ. ಆದರೂ ಬಿಟ್ಟುಹೋಗುತ್ತೆ.

ಯಾಕೆ ಬಿಟ್ಟುಹೋಗುತ್ತೆ? ನನಗೆ ಕಾಣುವ ಕಾರಣ ಸರಳ. ಬರೆಯುವವರು ತಮ್ಮ ದೊಡ್ಡ ಮಾನಿಟರ್ ಮುಂದೆ ಕೂತು ದಿನಕ್ಕೆ ನೂರು ಸಲ ಪ್ರೋಗ್ರಾಂ ತೆರೆದು ಮುಚ್ಚುತ್ತಾರೆ. ಎರಡು ನಿಮಿಷಕ್ಕೆ ತೆರೆದದ್ದನ್ನು ಯಾರು ಎಳೆಯುತ್ತಾರೆ? ಬಟನ್ ಕೆಲಸ ಮಾಡಿತಾ ಅಂತ ನೋಡಿ ಮುಚ್ಚುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ವಿಂಡೋ ಮುಂದೆ ಕೂರುವವನಿಗೆ ಆಗುವ ಕಿರಿಕಿರಿ ಅವರ ಅನುಭವಕ್ಕೆ ಬರುವುದೇ ಇಲ್ಲ. ಇನ್ನು ಸಾಫ್ಟ್‌ವೇರ್ ಮಾಡಿಸಿದ ಸಾವ್ಕಾರ್ರು ಬಿಲ್ ಸರಿ ಬರುತ್ತಾ ಅಂತ ಕೇಳುತ್ತಾರೆಯೇ ಹೊರತು ವಿಂಡೋದ ಅಗಲ ಕೇಳಲ್ಲ. ಎಳೆಯುವ ಹುಡುಗನನ್ನು ಕೇಳುವವರು ಯಾರೂ ಇಲ್ಲ.

ಎರಡನೇ ಗುಂಪು ಹೆಚ್ಚು ಗೊಂದಲ ಮಾಡುತ್ತೆ. ಕೆಲವು ದಿನ ನೆನಪಿರುತ್ತೆ, ಕೆಲವು ದಿನ ಇರಲ್ಲ. ಇಂಥದ್ದು ಕಂಡರೆ ನಾನು ಮೊದಲು ಕೇಳುವ ಪ್ರಶ್ನೆ: ನಿನ್ನೆ ಸಂಜೆ ಹೇಗೆ ಬಂದ್ ಮಾಡಿದ್ರಿ?

ನೋಟ್‌ಪ್ಯಾಡಿನ ಅಂಕಿ ಮುಚ್ಚಿದ ಮೇಲೆ ಬದಲಾಯ್ತಲ್ಲ, ತುಂಬಾ ಪ್ರೋಗ್ರಾಂಗಳು ಹೀಗೇ. ಅವು ಅಳತೆ ಬರೆಯುವುದು ಮುಚ್ಚುವ ಕ್ಷಣದಲ್ಲಿ ಮಾತ್ರ. ಮೂಲೆಯ ಕೆಂಪು ಗುರುತು ಒತ್ತಿದಾಗ ವಿಂಡೋಸ್ ಆ ಪ್ರೋಗ್ರಾಮಿಗೆ “ಮುಚ್ಚು” ಅಂತ ಒಂದು ಸಂದೇಶ ಕಳಿಸುತ್ತೆ. ಆ ಸಂದೇಶ ಬಂದಾಗ ಅದು ಅವಸರವಾಗಿ ನಾಲ್ಕು ಅಂಕಿ ಬರೆದು ಕಣ್ಮುಚ್ಚುತ್ತೆ. ಸಂದೇಶವೇ ಬರದಿದ್ದರೆ?

ಶಕ್ತಿನಗರ, ಯರಮರಸ್, ಕುಡತಿನಿ ಅಂತ ಮೂರು ಕಡೆ ಉಷ್ಣ ವಿದ್ಯುತ್ ಸ್ಥಾವರ ಇರುವ ಸೀಮೆ ನಮ್ಮದು. ಹಾಗಂತ ಬೇಸಿಗೆಯಲ್ಲಿ ಕರೆಂಟ್ ಹೋಗದೇ ಇರುತ್ತಾ? ಹೋದಾಗ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಕಂಪ್ಯೂಟರ್ ಟಪ್ ಅಂತ ಆರುತ್ತೆ. ಆಗ ಯಾವ ಪ್ರೋಗ್ರಾಮಿಗೂ ಯಾವ ಸಂದೇಶವೂ ಹೋಗಲ್ಲ. ಅವತ್ತು ಬೆಳಿಗ್ಗೆ ಎಳೆದದ್ದು ಮಣ್ಣುಪಾಲು. ಇನ್ನೊಂದು ಸೂಕ್ಷ್ಮ ಇದೆ. ರಿಜಿಸ್ಟ್ರಿಯಲ್ಲಿ ಬರೆದದ್ದನ್ನು ವಿಂಡೋಸ್ ಆ ಕ್ಷಣವೇ ಡಿಸ್ಕಿಗೆ ಇಳಿಸಲ್ಲ, ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ಇಳಿಸುತ್ತೆ. ಹಾಗಾಗಿ ಪ್ರೋಗ್ರಾಂ ಮುಚ್ಚಿದ ಬೆನ್ನಿಗೇ ಕರೆಂಟ್ ಹೋದರೆ ಬರೆದದ್ದೂ ಹೋಗಬಹುದು. ಟಾಸ್ಕ್ ಮ್ಯಾನೇಜರ್ ತೆರೆದು ‘ಎಂಡ್ ಟಾಸ್ಕ್’ ಕೊಟ್ಟು ಪ್ರೋಗ್ರಾಮನ್ನು ಸಾಯಿಸಿದರೂ, ಅದು ತಾನಾಗೇ ಹ್ಯಾಂಗ್ ಆಗಿ ಬಿದ್ದುಹೋದರೂ ಅದೇ ಗತಿ.

ಕರೆಂಟ್ ಇದ್ದೂ ತಪ್ಪುವುದು ಶಟ್‌ಡೌನ್‌ನಲ್ಲಿ. ಎಲ್ಲ ವಿಂಡೋ ತೆರೆದಿರುವಾಗಲೇ ಸ್ಟಾರ್ಟ್ ಮೆನುವಿಗೆ ಹೋಗಿ ಶಟ್‌ಡೌನ್ ಕೊಟ್ಟು ಬೈಕ್ ಹತ್ತುವವರೇ ಜಾಸ್ತಿ. ಆಗ ವಿಂಡೋಸ್ ಕಳಿಸುವುದು ಮಾಮೂಲಿ “ಮುಚ್ಚು” ಸಂದೇಶವನ್ನಲ್ಲ. “ಸೆಷನ್ ಮುಗಿಯುತ್ತಿದೆ, ಸಿದ್ಧನಾ?” ಅಂತ ಬೇರೆಯೇ ಸಂದೇಶ ಕಳಿಸಿ, ಉತ್ತರಕ್ಕೆ ಕೆಲವೇ ಸೆಕೆಂಡ್ ಕಾಯುತ್ತೆ. ಬರೆದವರು ಮೊದಲನೆಯದಕ್ಕೆ ಮಾತ್ರ ಕಿವಿ ಕೊಟ್ಟು ಎರಡನೆಯದನ್ನು ಮರೆತಿದ್ದರೆ, ಶಟ್‌ಡೌನ್ ದಿನ ಅಳತೆ ಉಳಿಯಲ್ಲ, ಕೈಯಿಂದ ಮುಚ್ಚಿದ ದಿನ ಉಳಿಯುತ್ತೆ. ಪರೀಕ್ಷೆ ಮಾಡುವುದು ಸುಲಭ. ಒಂದು ವಾರ ಪ್ರೋಗ್ರಾಮನ್ನು ಮೊದಲು ಮುಚ್ಚಿ ಆಮೇಲೆ ಶಟ್‌ಡೌನ್ ಮಾಡಿ ನೋಡಿ.

ಒಳ್ಳೆಯ ಪ್ರೋಗ್ರಾಂಗಳು ಮುಚ್ಚುವವರೆಗೆ ಕಾಯುವುದಿಲ್ಲ. ನೀವು ಎಳೆದು ಕೈ ಬಿಟ್ಟ ಮೇಲೆ ಒಂದರೆಕ್ಷಣ ಬಿಟ್ಟು ಬರೆದುಬಿಡುತ್ತವೆ. ಆಮೇಲೆ ಕರೆಂಟ್ ಬೇಕಾದರೆ ಹೋಗಲಿ.

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿ ಸೀಸನ್ ಇದ್ದಾಗ ಅಡತ್ ಅಂಗಡಿಗೆ ಹೋದರೆ ಇನ್ನೊಂದು ಬಗೆ ಸಿಗುತ್ತೆ. ಗುಮಾಸ್ತರು ಒಂದೇ ಪ್ರೋಗ್ರಾಮನ್ನು ಎರಡು ಸಲ ತೆರೆದಿರುತ್ತಾರೆ. ಒಂದರಲ್ಲಿ ರೈತರ ಲೆಕ್ಕ, ಅದನ್ನು ಅಗಲವಾಗಿ ಇಟ್ಟಿರುತ್ತಾರೆ. ಇನ್ನೊಂದರಲ್ಲಿ ಬರೀ ರೇಟು, ಅದು ಮೂಲೆಯಲ್ಲಿ ಚಿಕ್ಕದಾಗಿ. ಸಂಜೆ ದೊಡ್ಡದನ್ನು ಮೊದಲು ಮುಚ್ಚಿ, ಚಿಕ್ಕದನ್ನು ಆಮೇಲೆ ಮುಚ್ಚಿದರೆ ಮರುದಿನ ಎಲ್ಲವೂ ಚಿಕ್ಕದಾಗಿಯೇ ತೆರೆಯುತ್ತೆ. ಯಾಕಂದ್ರೆ ಬರೆದಿಡುವ ಜಾಗ ಒಂದೇ, ಬರೆಯುವವರು ಇಬ್ಬರು. ಕಡೆಗೆ ಬರೆದವರ ಮಾತೇ ನಡೆಯುತ್ತೆ. ಇದಕ್ಕೆ ಸದ್ಯದ ಉಪಾಯ, ನಿಮಗೆ ಬೇಕಾದ ಅಳತೆಯದನ್ನು ಕೊನೆಗೆ ಮುಚ್ಚುವುದು.

ಬರೆಯಲು ಜಾಗವೇ ಸಿಗದ ಪ್ರೋಗ್ರಾಂಗಳೂ ಇವೆ. ಹಳೇ ಕಾಲದವು ತಮ್ಮ ಐಎನ್ಐ ಫೈಲನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೇ ಇಡುತ್ತಿದ್ದವು. ವಿಂಡೋಸ್ ವಿಸ್ಟಾ ಬಂದಮೇಲೆ ಮಾಮೂಲಿ ಬಳಕೆದಾರರ ಹೆಸರಲ್ಲಿ ಓಡುವ ಪ್ರೋಗ್ರಾಂಗೆ ಅಲ್ಲಿ ಬರೆಯುವ ಅನುಮತಿ ಇಲ್ಲ. ಹಳೆಯವುಗಳ ಮೇಲೆ ಕನಿಕರಪಟ್ಟು ವಿಂಡೋಸ್ ಕೆಲವೊಮ್ಮೆ ಅವು ಬರೆದದ್ದನ್ನು ಗುಟ್ಟಾಗಿ ‘ವರ್ಚುಯಲ್ ಸ್ಟೋರ್’ ಅನ್ನುವ ಬೇರೆ ಫೋಲ್ಡರಿಗೆ ತಿರುಗಿಸುತ್ತೆ. ಎಲ್ಲ ಸಲ ಅಲ್ಲ. ಅಡ್ಮಿನ್ ಆಗಿ ತೆರೆದರೆ ನೆನಪಿಟ್ಟುಕೊಂಡು, ಹಾಗೇ ತೆರೆದರೆ ಮರೆಯುತ್ತೆ ಅಂತಾದರೆ ಕಾರಣ ಇದೇ ಇರಬೇಕು. ಕಾಲೇಜು ಲ್ಯಾಬ್‌ಗಳ ಕಥೆ ಬೇರೆ. ಅಲ್ಲಿ ಡೀಪ್ ಫ್ರೀಜ್ ಥರದ ಸಾಫ್ಟ್‌ವೇರ್ ಹಾಕಿರುತ್ತಾರೆ. ರೀಸ್ಟಾರ್ಟ್ ಆದಾಗಲೆಲ್ಲ ಡಿಸ್ಕು ಮೊದಲಿದ್ದ ಸ್ಥಿತಿಗೆ ಹೋಗುತ್ತೆ. ಕೊಪ್ಪಳದ ಲ್ಯಾಬಲ್ಲಿ ಕೂತ ವಿದ್ಯಾರ್ಥಿ ಎಷ್ಟು ಎಳೆದರೂ ನಾಳೆಗೆ ಏನೂ ಉಳಿಯಲ್ಲ. ಅದು ಬೇಕಂತಲೇ ಮಾಡಿದ್ದು, ದೂರಿ ಉಪಯೋಗವಿಲ್ಲ.

ಇಲ್ಲಿವರೆಗೆ ಬರೆಯದಿರುವ ಮಾತಾಯ್ತು. ನನಗೆ ಮಜಾ ಅನ್ನಿಸುವುದು ತಪ್ಪಾಗಿ ಬರೆದುಕೊಳ್ಳುವ ಪ್ರೋಗ್ರಾಂಗಳು.

ಒಂದು ಪ್ರೋಗ್ರಾಂ ತೆರೆದಾಗಲೆಲ್ಲ ಸ್ವಲ್ಪ ಸ್ವಲ್ಪ ಬೆಳೆಯುತ್ತೆ ಅಂದುಕೊಳ್ಳಿ. ಮೊದಲೆರಡು ದಿನ ಗೊತ್ತಾಗಲ್ಲ. ಎರಡು ವಾರದಲ್ಲಿ ಕೆಳಗಿನ ಅಂಚು ಟಾಸ್ಕ್‌ಬಾರ್ ಹಿಂದೆ ಹೋಗಿರುತ್ತೆ. ಇಲ್ಲಿ ಆಗಿರುವುದು ಒಳಗಿನ ಅಳತೆ, ಹೊರಗಿನ ಅಳತೆಯ ಗೊಂದಲ. ವಿಂಡೋಗೆ ಮೇಲೆ ಟೈಟಲ್ ಬಾರ್ ಇರುತ್ತೆ, ಸುತ್ತ ಅಂಚು ಇರುತ್ತೆ. ಅವನ್ನು ಸೇರಿಸಿದರೆ ಹೊರಗಿನ ಅಳತೆ, ಬಿಟ್ಟರೆ ಒಳಗಿನದು. ವಿಂಡೋಸ್ 10ರಲ್ಲಿ ಸ್ಕೇಲ್, ಅಂದರೆ ಅಕ್ಷರ, ಬಟನ್‌ಗಳನ್ನು ಹಿಗ್ಗಿಸಿ ತೋರಿಸುವ ಸೆಟಿಂಗ್, 100 ಪರ್ಸೆಂಟ್ ಇದ್ದಾಗ ಮಾಮೂಲಿ ವಿಂಡೋಗೆ ಈ ವ್ಯತ್ಯಾಸ ಅಗಲದಲ್ಲಿ 16, ಎತ್ತರದಲ್ಲಿ 39 ಪಿಕ್ಸೆಲ್. ಹಿಂದೆ ಹೇಳಿದ 300ಕ್ಕೆ 300 ಫಾರ್ಮ್‌ನ ಒಳಭಾಗ ಅಲ್ಲಿ 284ಕ್ಕೆ 261 ಇರುವುದು ಇದಕ್ಕೇ. ಈಗ ಪ್ರೋಗ್ರಾಂ ಹೊರಗಿನ ಎತ್ತರ 600 ಅಂತ ಬರೆದಿಟ್ಟು, ಮರುದಿನ ಅದನ್ನೇ ಒಳಗಿನ ಎತ್ತರ ಅಂತ ಕೊಟ್ಟರೆ ಏನಾಗುತ್ತೆ? ಹೊರಗಿನದು 639 ಆಗುತ್ತೆ. ಅದನ್ನು ಬರೆಯುತ್ತೆ. ಅದರ ಮರುದಿನ 678. ಹತ್ತು ಸಲ ತೆರೆದರೆ 390 ಪಿಕ್ಸೆಲ್ ಬೆಳೆದಿರುತ್ತೆ. ಉಲ್ಟಾ ಮಾಡಿದರೆ ದಿನಾ ಕುಗ್ಗುತ್ತೆ, ಕೊನೆಗೆ ಟೈಟಲ್ ಬಾರ್ ಮಾತ್ರ ಉಳಿಯುತ್ತೆ.

ಕೂಡುವ ಬದಲು ಗುಣಿಸುವ ತಪ್ಪು ಇನ್ನೂ ಜೋರು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅಕ್ಷರ ಚಿಕ್ಕದಾಗಿ ಕಾಣುತ್ತೆ ಅಂತ ಸ್ಕೇಲನ್ನು 125 ಅಥವಾ 150 ಪರ್ಸೆಂಟ್‌ಗೆ ಇಟ್ಟಿರುತ್ತೇವೆ. ಪ್ರೋಗ್ರಾಂ ಸ್ಕೇಲ್ ಆದ ಅಳತೆಯನ್ನು ಬರೆದಿಟ್ಟು, ಮತ್ತೆ ಅದನ್ನೇ ಸ್ಕೇಲ್ ಮಾಡಿದರೆ 800 ಇದ್ದದ್ದು 1000, ಅಲ್ಲಿಂದ 1250, ಅಲ್ಲಿಂದ 1562. ಮೂರೇ ಸಲಕ್ಕೆ ವಿಂಡೋ ಹೆಚ್ಚುಕಮ್ಮಿ ಎರಡು ಪಟ್ಟು. ಹಾಗಾಗಿ ಬೆಳೆಯುವ ವಿಂಡೋ ಕಂಡರೆ ಎಷ್ಟು ಬೆಳೆಯುತ್ತಿದೆ ಅಂತ ಅಳೆಯಿರಿ. ಪ್ರತಿ ಸಲ ಅಷ್ಟೇ ಬೆಳೆದರೆ ಅಂಚಿನ ತಪ್ಪು. ಬೆಳವಣಿಗೆಯೇ ಬೆಳೆಯುತ್ತಿದ್ದರೆ ಸ್ಕೇಲಿನ ತಪ್ಪು.

ಟಾಸ್ಕ್‌ಬಾರನ್ನು ಮೇಲ್ಗಡೆ ಇಟ್ಟುಕೊಂಡವರಿಗೆ ಇನ್ನೊಂದು ಬಗೆಯ ಕಾಟ. ವಿಂಡೋಸ್‌ನಲ್ಲಿ ಜಾಗ ಹೇಳುವ ಲೆಕ್ಕ ಎರಡಿದೆ. ಒಂದು ಇಡೀ ಸ್ಕ್ರೀನಿನ ಮೂಲೆಯಿಂದ, ಇನ್ನೊಂದು ಟಾಸ್ಕ್‌ಬಾರ್ ಕಳೆದು ಉಳಿದ ಭಾಗದ ಮೂಲೆಯಿಂದ. ಒಂದು ಲೆಕ್ಕದಲ್ಲಿ ಬರೆದು ಇನ್ನೊಂದರಲ್ಲಿ ಇಟ್ಟರೆ ವಿಂಡೋ ಪ್ರತಿ ಸಲ ಟಾಸ್ಕ್‌ಬಾರಿನಷ್ಟು ಮೇಲೆ ಏರುತ್ತೆ, ಇಲ್ಲವೇ ಅಷ್ಟೇ ಕೆಳಗೆ ಇಳಿಯುತ್ತೆ. ಬಾರ್ ಕೆಳಗಿದ್ದರೆ ಎರಡೂ ಲೆಕ್ಕ ಒಂದೇ ಬರುವುದರಿಂದ ತಪ್ಪು ಬಯಲಿಗೆ ಬರಲ್ಲ. ಬರೆದವರ ಮನೆಯಲ್ಲಿ ಎಲ್ಲ ಸರಿ ಇರುತ್ತೆ, ನಿಮ್ಮಲ್ಲಿ ಮಾತ್ರ ಹೀಗಾಗುತ್ತೆ.

ಮಿನಿಮೈಸ್ ಮಾಡಿದಾಗ ವಿಂಡೋ ಎಲ್ಲಿಗೆ ಹೋಗುತ್ತೆ ಗೊತ್ತಾ? ವಿಂಡೋಸ್ ಅದನ್ನು ಎಡಕ್ಕೆ 32000, ಮೇಲಕ್ಕೆ 32000 ಪಿಕ್ಸೆಲ್ ಆಚೆ ಒಯ್ದು ಇಡುತ್ತೆ. ಅಷ್ಟು ದೊಡ್ಡ ಸ್ಕ್ರೀನು ಯಾರ ಹತ್ತಿರವೂ ಇಲ್ಲವಲ್ಲ. ಮಿನಿಮೈಸ್ ಆಗಿರುವಾಗಲೇ ಟಾಸ್ಕ್‌ಬಾರ್ ಮೇಲೆ ಬಲ ಕ್ಲಿಕ್ ಮಾಡಿ ಮುಚ್ಚಿದರೆ, ದಡ್ಡ ಪ್ರೋಗ್ರಾಂ ಆಗಿನ ಜಾಗವನ್ನೇ, ಅಂದರೆ ಮೈನಸ್ 32000 ಅಂತ ಬರೆದುಕೊಳ್ಳುತ್ತೆ. ಮರುದಿನ ಅಲ್ಲಿಯೇ ತೆರೆದುಕೊಳ್ಳುತ್ತೆ. ಟಾಸ್ಕ್‌ಬಾರಿನಲ್ಲಿ ಗುರುತಿದೆ, ಸ್ಕ್ರೀನಲ್ಲಿ ಏನೂ ಇಲ್ಲ. “ಸಾಫ್ಟ್‌ವೇರ್ ಹಾರಿಹೋಗಿದೆ” ಅಂತ ಫೋನ್ ಬರುವುದು ಆಗಲೇ.

ಮ್ಯಾಕ್ಸಿಮೈಸ್ ಮಾಡಿ ಮುಚ್ಚಿದಾಗಲೂ ಇಂಥದ್ದೇ. ಪೂರ್ತಿ ಸ್ಕ್ರೀನಿನ ಅಳತೆಯನ್ನೇ ಮಾಮೂಲಿ ಅಳತೆ ಅಂತ ಬರೆದುಕೊಂಡರೆ, ಮರುದಿನ ಚಿಕ್ಕದು ಮಾಡುವ ಬಟನ್ ಒತ್ತಿದರೂ ಏನೂ ಆಗದಂತೆ ಕಾಣುತ್ತೆ. ಇದಕ್ಕೆಲ್ಲ ಮದ್ದು ವಿಂಡೋಸ್‌ನಲ್ಲೇ ಇದೆ. ‘ವಿಂಡೋ ಪ್ಲೇಸ್‌ಮೆಂಟ್’ ಅಂತ ಒಂದು ವ್ಯವಸ್ಥೆ ಇದ್ದು, ಅದು ವಿಂಡೋ ಈಗ ದೊಡ್ಡದಾಗಿದೆಯಾ ಅಡಗಿದೆಯಾ ಅನ್ನುವುದನ್ನು ಬೇರೆ, ಮಾಮೂಲಿ ಅಳತೆ ಎಷ್ಟು ಅನ್ನುವುದನ್ನು ಬೇರೆ ಹೇಳುತ್ತೆ. ಆ ಎರಡನ್ನೂ ಬರೆದಿಟ್ಟು, ಅದೇ ವ್ಯವಸ್ಥೆಯ ಮೂಲಕ ವಾಪಸ್ ಇಟ್ಟರೆ ಮೇಲಿನ ತಾಪತ್ರಯ ಬಹಳಷ್ಟು ತಪ್ಪುತ್ತೆ. ಜಾಗ ಪೂರ್ತಿ ಸ್ಕ್ರೀನಿನ ಆಚೆ ಇದ್ದರೆ ವಿಂಡೋಸ್ ತಾನೇ ಒಳಗೆ ಎಳೆದುಕೊಳ್ಳುತ್ತೆ ಕೂಡ.

ಆದರೆ ಈ ಮದ್ದಿಗೂ ಒಂದು ಅಡ್ಡ ಪರಿಣಾಮ ಇದೆ. 2009ರಲ್ಲಿ ವಿಂಡೋಸ್ 7 ಜೊತೆ ಸ್ನ್ಯಾಪ್ ಬಂತು. ವಿಂಡೋವನ್ನು ಎಡಗಡೆ ಅಂಚಿಗೆ ತಳ್ಳಿದರೆ ಅರ್ಧ ಸ್ಕ್ರೀನ್ ತುಂಬಿಕೊಳ್ಳುತ್ತೆ. ಹಾಗೆ ಅಂಟಿಸಿದ ಅಳತೆಯನ್ನು ಪ್ಲೇಸ್‌ಮೆಂಟ್ ವ್ಯವಸ್ಥೆ ಹೇಳುವುದೇ ಇಲ್ಲ, ಅಂಟಿಸುವ ಮೊದಲು ಎಷ್ಟಿತ್ತೋ ಅಷ್ಟೇ ಹೇಳುತ್ತೆ. ಅದಕ್ಕೇ ಒಳ್ಳೆಯ ಪ್ರೋಗ್ರಾಂಗಳೂ ಅರ್ಧ ಸ್ಕ್ರೀನಿಗೆ ಅಂಟಿಸಿದ್ದನ್ನು ಮರುದಿನ ಮರೆಯುವುದುಂಟು. ಕೈಯಿಂದ ಎಳೆದು ಅರ್ಧ ಮಾಡಿದರೆ ಉಳಿಯುತ್ತೆ, ಸ್ನ್ಯಾಪ್ ಮಾಡಿದರೆ ಉಳಿಯಲ್ಲ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತೆ, ತಲೆ ಕೆಡದೆ ಇರುತ್ತಾ?

ಇನ್ನು ಸ್ಕ್ರೀನೇ ಬದಲಾಗುವ ಮಾತು. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಲೇಬಲ್, ಬಾರ್‌ಕೋಡ್ ಪ್ರಿಂಟ್ ಮಾಡುವ ಲ್ಯಾಪ್‌ಟಾಪಿಗೆ ಒಂದು ದೊಡ್ಡ ಮಾನಿಟರ್ ಜೋಡಿಸಿರುತ್ತಾರೆ ಅಂದುಕೊಳ್ಳಿ. ಲ್ಯಾಪ್‌ಟಾಪ್ ಸ್ಕ್ರೀನ್ 1366 ಅಗಲ, ಬಲಕ್ಕೆ 1920ರ ಮಾನಿಟರ್. ವಿಂಡೋಸ್ ಎರಡನ್ನೂ ಸೇರಿಸಿ ಒಂದೇ ಅಂಗಳ ಅಂತ ಲೆಕ್ಕ ಹಾಕುತ್ತೆ. ಮಾನಿಟರ್ ಮೇಲಿನ ವಿಂಡೋ ಎಡದಿಂದ 2000ದಲ್ಲಿದೆ ಅಂತ ಬರೆದಿಡುತ್ತೆ. ಸಂಜೆ ಲ್ಯಾಪ್‌ಟಾಪ್ ಮಾತ್ರ ಮನೆಗೆ ಬರುತ್ತೆ. ಅಲ್ಲಿ 2000 ಅನ್ನುವ ಜಾಗವೇ ಇಲ್ಲ. ಬರೆದವರು ಜಾಣರಾಗಿದ್ದರೆ ಪ್ರೋಗ್ರಾಂ ಅದನ್ನು ಗಮನಿಸಿ ಒಳಗೆ ತರುತ್ತೆ. ಇಲ್ಲದಿದ್ದರೆ ವಿಂಡೋ ಕಾಣಿಸದು. ಕಂಡರೂ ಮನೆಯಲ್ಲಿ ಕುಗ್ಗಿಸಿದ ಅಳತೆಯನ್ನೇ ಬರೆದುಕೊಂಡು ಮರುದಿನ ಘಟಕದಲ್ಲಿ ಚಿಕ್ಕದಾಗಿ ತೆರೆಯುತ್ತೆ. ಇದು ಪ್ರೋಗ್ರಾಮಿನ ತಪ್ಪು ಅನ್ನುವುದು ಕಷ್ಟ. ಎರಡು ಕಡೆ ಎರಡು ಥರ ಬೇಕು ಅಂತ ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ.

ಕಾಣೆಯಾದ ವಿಂಡೋವನ್ನು ತರುವುದು ಹೀಗೆ. ಟಾಸ್ಕ್‌ಬಾರಿನಲ್ಲಿ ಅದರ ಗುರುತು ಒತ್ತಿ. ವಿಂಡೋಸ್ ಕೀ, ಶಿಫ್ಟ್ ಎರಡನ್ನೂ ಹಿಡಿದು ಎಡ ಅಥವಾ ಬಲ ಬಾಣದ ಕೀ ಒತ್ತಿದರೆ ಒಂದು ಮಾನಿಟರಿನಿಂದ ಇನ್ನೊಂದಕ್ಕೆ ಜಿಗಿಯುತ್ತೆ. ಬರಲಿಲ್ಲವಾ? ಆಲ್ಟ್ ಹಿಡಿದು ಸ್ಪೇಸ್ ಬಾರ್ ಒತ್ತಿ, ಆಮೇಲೆ ಎಂ ಅಕ್ಷರ, ಆಮೇಲೆ ಯಾವುದಾದರೂ ಒಂದು ಬಾಣದ ಕೀ. ಈಗ ಮೌಸ್ ಅಲ್ಲಾಡಿಸಿದರೆ ವಿಂಡೋ ಮೌಸಿಗೆ ಅಂಟಿಕೊಂಡು ಬರುತ್ತೆ. ಕ್ಲಿಕ್ ಮಾಡಿ ಬಿಡಿ.

ವಿಂಡೋಸ್ 11ರಲ್ಲಿ ಸೆಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಮಲ್ಟಿಪಲ್ ಡಿಸ್‌ಪ್ಲೇಸ್ ಒಳಗೆ ಮಾನಿಟರ್ ಜೋಡಣೆಗೆ ತಕ್ಕಂತೆ ವಿಂಡೋ ಜಾಗ ನೆನಪಿಡುವ ಒಂದು ಆಯ್ಕೆ ಇದೆ. ಅದು ಒಳ್ಳೆಯದೇ, ಆದರೆ ಅದು ತೆರೆದಿರುವ ವಿಂಡೋಗಳಿಗೆ ಮಾತ್ರ. ಮಾನಿಟರ್ ಕಿತ್ತು ಮತ್ತೆ ಹಾಕಿದಾಗ ಅವನ್ನು ಮೊದಲಿನ ಜಾಗಕ್ಕೆ ಕಳಿಸುತ್ತೆ. ಮುಚ್ಚಿ ಮರುದಿನ ತೆರೆದ ಪ್ರೋಗ್ರಾಮಿಗೆ ಅದರಿಂದ ಲಾಭವಿಲ್ಲ. ಈ ಆಯ್ಕೆಗೆ ಟಿಕ್ ಹಾಕಿ, “ಆದರೂ ಮರೀತದ ನೋಡ್ರಿ” ಅನ್ನುವವರು ಸುಮಾರು ಜನ.

ಹಾಗಾದರೆ ಆಪರೇಟಿಂಗ್ ಸಿಸ್ಟಮ್ಮೇ ಎಲ್ಲರ ಪರವಾಗಿ ನೆನಪಿಡಬಾರದಾ? ಕೇಳಬೇಕಾದ ಪ್ರಶ್ನೆಯೇ. ಆ್ಯಪಲ್ ಕಂಪನಿಯ ಮ್ಯಾಕ್ 1984ರಲ್ಲಿ ಬಂದಾಗಲೇ ಅದರಲ್ಲಿ ಫೈಲ್, ಫೋಲ್ಡರ್ ತೋರಿಸುವ ಫೈಂಡರ್ ಅನ್ನುವ ಪ್ರೋಗ್ರಾಂ, ಫೋಲ್ಡರ್ ತೆರೆದ ಜಾಗವನ್ನೂ ಅಳತೆಯನ್ನೂ ಡಿಸ್ಕಿನಲ್ಲೇ ಬರೆದಿಡುತ್ತಿತ್ತು. ಈಗಿನ ಮ್ಯಾಕ್‌ನಲ್ಲಿ ಬರೆಯುವವರು ವಿಂಡೋಗೆ ಒಂದು ಹೆಸರು ಕೊಟ್ಟರೆ ಸಾಕು, ಆ ಹೆಸರಿನಡಿ ಅಳತೆ ತಾನಾಗೇ ಉಳಿಯುತ್ತೆ. 2011ರ ಲಯನ್ ಆವೃತ್ತಿಯಿಂದ ಹಿಂದಿನ ಸಲ ತೆರೆದಿದ್ದ ವಿಂಡೋಗಳನ್ನೇ ಮತ್ತೆ ತೆರೆದುಕೊಡುವ ಸೌಲಭ್ಯವೂ ಬಂತು. ವಿಂಡೋಸ್ 10ರಲ್ಲೂ ಸ್ಟೋರ್ ಮೂಲಕ ಬರುವ ಹೊಸ ಮಾದರಿಯ ಆ್ಯಪ್‌ಗಳ ಅಳತೆಯನ್ನು ಸಿಸ್ಟಮ್ಮೇ ನೆನಪಿಡುತ್ತೆ. ಹಳೇ ಮಾದರಿಯವಕ್ಕೆ ಈ ಭಾಗ್ಯ ಇಲ್ಲ. ನಮ್ಮ ಮಿಲ್ಲು, ಗಂಜ್‌ಗಳಲ್ಲಿ ಇರುವುದೆಲ್ಲ ಹಳೇ ಮಾದರಿಯವೇ.

ಲಿನಕ್ಸ್‌ನಲ್ಲಿ ಹವಾ ಬೇರೆ. ಅಲ್ಲಿ ಸ್ಕ್ರೀನಿನ ಮೇಲೆ ವಿಂಡೋಗಳನ್ನು ತೋರಿಸುವ ಹಳೇ ಎಕ್ಸ್11 ವ್ಯವಸ್ಥೆಯ ಜಾಗಕ್ಕೆ ವೇಲ್ಯಾಂಡ್ ಬರುತ್ತಿದೆ. ಲಿನಕ್ಸಿನದೇ ಒಂದು ಬಗೆಯಾದ ಉಬುಂಟುವಿನ ಈಚಿನ ಆವೃತ್ತಿಗಳಲ್ಲಿ ಅದೇ ಮೊದಲ ಆಯ್ಕೆ. ವೇಲ್ಯಾಂಡ್‌ನಲ್ಲಿ ಮಾಮೂಲಿ ಆ್ಯಪ್‌ಗೆ ತಾನು ಸ್ಕ್ರೀನಿನಲ್ಲಿ ಎಲ್ಲಿದ್ದೇನೆ ಅಂತ ತಿಳಿಯುವುದೂ ಇಲ್ಲ, ಇಂಥ ಕಡೆಯೇ ಕೂರುತ್ತೇನೆ ಅಂತ ಹಟ ಹಿಡಿಯುವಂತೆಯೂ ಇಲ್ಲ. ಅಳತೆಯನ್ನು ಮಾತ್ರ ಕೇಳಬಹುದು. ಅಳತೆ ಸರಿ ಇದ್ದು ಜಾಗ ಮಾತ್ರ ದಿನಾ ಬದಲಾಗುತ್ತಿದ್ದರೆ ಕಾರಣ ಇದೇ. ಲಿನಕ್ಸ್‌ನಲ್ಲಿ ಕೆಡಿಇ ಅನ್ನುವ ಡೆಸ್ಕ್‌ಟಾಪ್ ಬಳಸುವವರು ಅದೃಷ್ಟವಂತರು. ಟೈಟಲ್ ಬಾರ್ ಮೇಲೆ ಬಲ ಕ್ಲಿಕ್ ಮಾಡಿ, ಆ ವಿಂಡೋಗೆ ಅಂತ ವಿಶೇಷ ನಿಯಮ ಬರೆಯಬಹುದು. ಇಷ್ಟೇ ಅಗಲ ಇರಬೇಕು, ಅಥವಾ ಹಿಂದಿನ ಸಲದ್ದೇ ಇರಬೇಕು ಅಂತ ಹೇಳಿದರೆ, ಪ್ರೋಗ್ರಾಂ ಮರೆತರೂ ಡೆಸ್ಕ್‌ಟಾಪ್ ಮರೆಯಲ್ಲ. ವಿಂಡೋಸ್‌ನಲ್ಲಿ ಇಂಥದ್ದೊಂದು ಇಲ್ಲದಿರುವುದು ನನ್ನ ಮಟ್ಟಿಗೆ ದೊಡ್ಡ ಕೊರತೆ.

ಬೇಕಂತಲೇ ಮರೆಯುವ ಒಬ್ಬನೂ ಇದ್ದಾನೆ. ಗುರುತು ಬಿಟ್ಟುಕೊಡದೆ ಇಂಟರ್ನೆಟ್ ನೋಡಲು ಬಳಸುವ ಟಾರ್ ಬ್ರೌಸರ್ ತನ್ನ ವಿಂಡೋದ ಒಳಗಿನ ಪುಟವನ್ನು ಗೊತ್ತುಮಾಡಿದ ಕೆಲವೇ ಅಳತೆಗಳಿಗೆ ಹೊಂದಿಸುತ್ತೆ. ನಿಮ್ಮ ವಿಂಡೋ 1283ಕ್ಕೆ 741 ಇದ್ದರೆ, ಆ ವಿಚಿತ್ರ ಅಳತೆಯಿಂದಲೇ ವೆಬ್‌ಸೈಟ್‌ಗಳು ನಿಮ್ಮನ್ನು ಗುರುತು ಹಿಡಿಯಬಹುದು ಅಂತ. ಅದನ್ನು ಎಳೆಯಬೇಡಿ.

ಸರಿ, ಈಗ ನಿಮ್ಮ ಮುಂದಿರುವ ಪ್ರೋಗ್ರಾಂ ಮೊದಲ ಗುಂಪಿನದು, ಏನೂ ಬರೆಯಲ್ಲ ಅಂತ ಖಾತ್ರಿಯಾಯ್ತು. ಕಂಟ್ರೋಲ್ ಹಿಡಿದು ಮುಚ್ಚಿದರೆ ನೆನಪಿರುತ್ತೆ, ಶಿಫ್ಟ್ ಹಿಡಿದರೆ ನೆನಪಿರುತ್ತೆ ಅಂತ ಊರೆಲ್ಲ ಮಾತಿದೆ. ಬರೆಯುವ ಕೋಡೇ ಇಲ್ಲದ ಪ್ರೋಗ್ರಾಮಿಗೆ ಯಾವ ಕೀ ಒತ್ತಿದರೂ ಬರೆಯಲು ಬರಲ್ಲ. ಸುಲಭದ ದಾರಿ ಶಾರ್ಟ್‌ಕಟ್‌ನಲ್ಲಿದೆ. ಡೆಸ್ಕ್‌ಟಾಪಿನ ಐಕಾನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ‘ರನ್’ ಎದುರು ಮ್ಯಾಕ್ಸಿಮೈಸ್ಡ್ ಅಂತ ಆರಿಸಿ. ಪ್ರೋಗ್ರಾಂ ಮಾತು ಕೇಳಿದರೆ ಪೂರ್ತಿ ಸ್ಕ್ರೀನಿಗೆ ತೆರೆಯುತ್ತೆ. ಕೆಲವು ಕೇಳಲ್ಲ. ಪೂರ್ತಿ ಬೇಡ, ಇಷ್ಟೇ ಬೇಕು ಅನ್ನುವವರು ಆಟೋಹಾಟ್‌ಕೀ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಎರಡು ಸಾಲು ಬರೆದರೆ ಸಾಕು: ಈ ಹೆಸರಿನ ವಿಂಡೋ ಬರುವವರೆಗೆ ಕಾಯಿ, ಬಂದಮೇಲೆ ಇಲ್ಲಿಗೆ ಸರಿಸಿ ಇಷ್ಟು ಅಗಲ ಮಾಡು. ಪ್ರೋಗ್ರಾಂ ಅಡ್ಮಿನ್ ಆಗಿ ಓಡುತ್ತಿದ್ದರೆ ಈ ಸ್ಕ್ರಿಪ್ಟನ್ನೂ ಅಡ್ಮಿನ್ ಆಗಿಯೇ ಓಡಿಸಬೇಕು.

ಸಾಫ್ಟ್‌ವೇರ್ ಬರೆದವರು ಕೈಗೆ ಸಿಗುವಷ್ಟು ಹತ್ತಿರದವರಾದರೆ ನೇರ ಅವರಿಗೇ ಹೇಳಿ. ವೇಬ್ರಿಡ್ಜ್, ಬಿಲ್ಲಿಂಗ್ ಸಾಫ್ಟ್‌ವೇರ್‌ಗಳನ್ನು ಹತ್ತಿರದ ಊರುಗಳಲ್ಲೇ ಬರೆಸಿರುವುದುಂಟು. “ವಿಂಡೋ ಸರಿ ಇಲ್ಲ” ಅಂದರೆ ಅವರಿಗೆ ಏನೂ ಅರ್ಥವಾಗಲ್ಲ. ಹೀಗೆ ಹೇಳಿ: ಮುಚ್ಚಿದ್ದು ಕೆಂಪು ಗುರುತಿನಿಂದಲಾ, ಶಟ್‌ಡೌನ್‌ನಿಂದಲಾ, ಆಗ ವಿಂಡೋ ಮ್ಯಾಕ್ಸಿಮೈಸ್ ಆಗಿತ್ತಾ, ಮಿನಿಮೈಸ್ ಆಗಿತ್ತಾ, ಸ್ಕ್ರೀನಿನ ಸ್ಕೇಲ್ ಎಷ್ಟು ಪರ್ಸೆಂಟ್, ಮಾನಿಟರ್ ಒಂದಾ ಎರಡಾ, ತೆರೆದಾಗಲೆಲ್ಲ ಅದೇ ಅಳತೆಯಾ, ಬೆಳೆಯುತ್ತಾ. ಡಾಟ್‌ನೆಟ್‌ನಲ್ಲಿ ಬರೆದಿದ್ದರೆ ಮಿನಿಮೈಸ್ ಆಗಿದ್ದಾಗಲೂ ಮಾಮೂಲಿ ಅಳತೆ ಕೊಡುವ ‘ರಿಸ್ಟೋರ್ ಬೌಂಡ್ಸ್’ ಅಂತ ಒಂದು ಸೌಲಭ್ಯ ಅಲ್ಲೇ ಇದೆ. ಅದನ್ನು ಸೆಟಿಂಗ್ಸ್‌ನಲ್ಲಿ ಉಳಿಸಿ, ತೆರೆಯುವಾಗ ಓದಿ, ಸ್ಕ್ರೀನಿನ ಒಳಗಿದೆಯಾ ಅಂತ ಒಂದು ಸಲ ನೋಡಬೇಕು. ಗೊತ್ತಿರುವವರಿಗೆ ಅರ್ಧ ಗಂಟೆಯ ಕೆಲಸ. ಮುಂದಿನ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ರಿನ್ಯೂ ಮಾಡುವ ಮೊದಲು ಕೇಳಿದರೆ ಬೇಗ ಮಾಡಿಕೊಡುತ್ತಾರೆ.